ಸೊಳ್ಳೆಗೊಂದು ಆಣೆ: ಸರ್ ರೊನಾಲ್ಡ್ ರಾಸ್ ಅವರ ಜೀವನ



ಮಳೆಗಾಲ ಶುರುವಾದರೆ ನಮ್ಮ ಹುಲ್ಲಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆಂದು ಮನೆಮನೆಗೆ ಬರುತ್ತಾರೆ. ಈ ವರ್ಷ ನಮ್ಮ ಮನೆಗೆ ಬಂದ ಅಕ್ಕ ಬಚ್ಚಲ ಪಕ್ಕದ ಡ್ರಮ್ಮಿಗೆ ಟಾರ್ಚ್ ಬಿಟ್ಟು ನೋಡಿದರು. ಒಳಗೆ ಸಣ್ಣ ಸಣ್ಣ ಹುಳುಗಳು ಕೊಂಕುತ್ತಾ ಈಜುತ್ತಿದ್ದವು. ಅಕ್ಕ ಒಂದೂ ಮಾತಾಡದೆ ಡ್ರಮ್ಮನ್ನು ಬಗ್ಗಿಸಿ ನೀರೆಲ್ಲ ಚೆಲ್ಲಿಬಿಟ್ಟರು. ಅಮ್ಮಿಗೆ ನಾಚಿಕೆಯಾಯಿತು. ನನಗೆ ಸಿಟ್ಟು ಬಂತು, ಏಕೆಂದರೆ ಆ ಡ್ರಮ್ ತುಂಬಿಸಿದ್ದು ನಾನು. ಆಮೇಲೆ ಲೈಬ್ರರಿಯಲ್ಲಿ ಓದುವಾಗ ಒಂದು ವಿಷಯ ತಿಳಿಯಿತು. ಸೊಳ್ಳೆಯಿಂದ ಮಲೇರಿಯಾ ಬರುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟ ವಿಜ್ಞಾನಿ ಕೂಡ ತಮ್ಮ ಸೊಳ್ಳೆಯ ಕೆಲಸವನ್ನು ಶುರು ಮಾಡಿದ್ದು ಇದೇ ರೀತಿ, ಒಂದು ನೀರಿನ ತೊಟ್ಟಿಯನ್ನು ಬಗ್ಗಿಸುವುದರಿಂದ. ಅದೂ ನಮ್ಮ ಬೆಂಗಳೂರಿನಲ್ಲಿ. ನಾನು ಕಾಮರ್ಸ್ ವಿದ್ಯಾರ್ಥಿನಿ, ಜೀವಶಾಸ್ತ್ರ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಆದರೂ ಅವರ ಜೀವನವನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಬಾಲ್ಯ ಮತ್ತು ಓದು

ರೊನಾಲ್ಡ್ ರಾಸ್ ಹುಟ್ಟಿದ್ದು ಭಾರತದಲ್ಲೇ. 1857ರ ಮೇ 13ರಂದು ಹಿಮಾಲಯದ ಅಲ್ಮೋರಾದಲ್ಲಿ. ಅದಕ್ಕೆ ಮೂರು ದಿನ ಮೊದಲು ಮೀರತ್‌ನಲ್ಲಿ ಸಿಪಾಯಿಗಳ ಹೋರಾಟ ಆರಂಭವಾಗಿತ್ತು. ತಂದೆ ಬ್ರಿಟಿಷ್ ಭಾರತೀಯ ಸೇನೆಯ ಅಧಿಕಾರಿ. ಹತ್ತು ಮಕ್ಕಳಲ್ಲಿ ರಾಸ್ ಅವರೇ ದೊಡ್ಡವರು. ಎಂಟನೆಯ ವಯಸ್ಸಿಗೆ ಅವರನ್ನು ಓದಿಗಾಗಿ ಇಂಗ್ಲೆಂಡಿನ ಬಂಧುಗಳ ಮನೆಗೆ ಕಳಿಸಿದರು.

ಹುಡುಗನಿಗೆ ಇಷ್ಟವಿದ್ದದ್ದು ಕವಿತೆ, ಸಂಗೀತ, ಚಿತ್ರ ಮತ್ತು ಗಣಿತ. ವೈದ್ಯನಾಗುವ ಆಸೆ ಸ್ವಲ್ಪವೂ ಇರಲಿಲ್ಲ. ಆದರೆ ತಂದೆಯ ಹಟ ಗೆದ್ದಿತು. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮಿಯೋ ಆಸ್ಪತ್ರೆಯ ವೈದ್ಯಕೀಯ ಕಾಲೇಜಿಗೆ ಸೇರಿಸಿದರು. ಪಾಠಕ್ಕಿಂತ ಹೆಚ್ಚು ಸಮಯವನ್ನು ಅವರು ಸಂಗೀತ ಮತ್ತು ನಾಟಕ ಬರೆಯುವುದರಲ್ಲಿ ಕಳೆದರು. ಒಂದು ಪರೀಕ್ಷೆ ಪಾಸಾಯಿತು, ಇನ್ನೊಂದು ಫೇಲಾಯಿತು. ಸ್ವಲ್ಪ ಕಾಲ ಹಡಗಿನಲ್ಲಿ ವೈದ್ಯರಾಗಿ ದುಡಿದರು. ಮತ್ತೆ ಓದಿ ಪಾಸಾಗಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮದ್ರಾಸಿಗೆ ಬಂದರು. ಪಿಯುಸಿಯಲ್ಲಿ ಒಂದು ವಿಷಯ ಹೋದರೆ ಬದುಕೇ ಮುಗಿಯಿತು ಎಂದು ಅಳುವ ನಮ್ಮಂಥವರು ಇದನ್ನು ನೆನಪಿಡಬೇಕು.

ಬೆಂಗಳೂರಿನ ತೊಟ್ಟಿ

1883ರಲ್ಲಿ ರಾಸ್ ಬೆಂಗಳೂರಿನ ದಂಡು ಪ್ರದೇಶಕ್ಕೆ ಹಂಗಾಮಿ ವೈದ್ಯರಾಗಿ ಬಂದರು. ಊರಿನ ಹವೆ ಅವರಿಗೆ ತುಂಬಾ ಹಿಡಿಸಿತು. ಬಂಗಲೆಯೂ ಚೆನ್ನಾಗಿತ್ತು. ಆದರೆ ಸೊಳ್ಳೆಯ ಕಾಟ ತಡೆಯಲಾಗುತ್ತಿರಲಿಲ್ಲ. ಬೇರೆಯವರ ಮನೆಗಿಂತ ತಮ್ಮ ಮನೆಯಲ್ಲೇ ಸೊಳ್ಳೆ ಹೆಚ್ಚು ಏಕೆ ಎಂದು ಅವರು ಹುಡುಕಿದರು. ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ ಇತ್ತು. ಅದರ ತುಂಬ ಹುಳು. ತೊಟ್ಟಿಯನ್ನು ಬಗ್ಗಿಸಿದ ಮೇಲೆ ಮನೆಯಲ್ಲಿ ಸೊಳ್ಳೆ ಕಡಿಮೆಯಾಯಿತು.

ಖುಷಿಯಿಂದ ಅವರು ಮೇಲಿನ ಸೇನಾಧಿಕಾರಿಗೆ ಈ ವಿಷಯ ಹೇಳಿ, ಅಲ್ಲಿದ್ದ ಇತರ ನೀರಿನ ಪಾತ್ರೆಗಳನ್ನೂ ಖಾಲಿ ಮಾಡಿಸೋಣ ಎಂದು ಸೂಚಿಸಿದರು. ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗಳನ್ನೂ ಯಾವುದೋ ಕಾರಣಕ್ಕೆ ಸೃಷ್ಟಿ ಮಾಡಲಾಗಿದೆ, ಅವುಗಳನ್ನು ಸಹಿಸಿಕೊಳ್ಳಬೇಕು ಎಂಬುದು ಆತನ ನಂಬಿಕೆಯಾಗಿತ್ತು. ಆಗ ರಾಸ್ ಅವರಿಗೆ 26 ವರ್ಷ. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿದೆ ಎಂದು ಅವರಿಗೂ ಆಗ ಗೊತ್ತಿರಲಿಲ್ಲ.

ಕೆಟ್ಟ ಗಾಳಿಯಲ್ಲ, ಒಂದು ಜೀವಿ

ಮಲೇರಿಯಾ ಎಂಬ ಹೆಸರಿಗೆ ಕೆಟ್ಟ ಗಾಳಿ ಎಂದು ಅರ್ಥ. ಜವುಗು ನೆಲದಿಂದ ಏಳುವ ಗಾಳಿಯಿಂದ ಈ ಚಳಿಜ್ವರ ಬರುತ್ತದೆ ಎಂದು ಜನ ನಂಬಿದ್ದರು. 1880ರಲ್ಲಿ ಆಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲ್ಯಾವರಾನ್ ಅವರು ರೋಗಿಯ ರಕ್ತದಲ್ಲಿ ಒಂದು ಪರಾವಲಂಬಿ ಜೀವಿಯನ್ನು ಕಂಡರು. ರಾಸ್ ಮೊದಲು ಇದನ್ನು ನಂಬಲಿಲ್ಲ, ಏಕೆಂದರೆ ಎಷ್ಟು ನೋಡಿದರೂ ಅವರ ಕಣ್ಣಿಗೆ ಅದು ಬಿದ್ದಿರಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಆನೆಕಾಲು ರೋಗದ ಹುಳುಗಳು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತವೆ ಎಂದು ಚೀನಾದಲ್ಲಿದ್ದಾಗ ಕಂಡುಹಿಡಿದವರು ಈ ಮ್ಯಾನ್ಸನ್. ಮಲೇರಿಯಾ ಕೂಡ ಹಾಗೆಯೇ ಇರಬೇಕು ಎಂದು ಅವರು ಊಹಿಸಿದ್ದರು. ಆ ಊಹೆಯನ್ನು ಸಾಬೀತು ಮಾಡುವ ಹೊಣೆ ರಾಸ್ ಮೇಲೆ ಬಿತ್ತು.

1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದು ಕೆಲಸ ಶುರು ಮಾಡಿದರು. ಅದೇ ವರ್ಷ ಬೆಂಗಳೂರಿನಲ್ಲಿ ಕಾಲರಾ ಬಂತು. ಅದನ್ನು ತಡೆಯುವ ಕೆಲಸಕ್ಕೆ ಸರ್ಕಾರ ಅವರನ್ನು ಮತ್ತೆ ಬೆಂಗಳೂರಿಗೆ ಹಾಕಿತು. ಹಗಲೆಲ್ಲ ನೀರು, ಚರಂಡಿ, ಶುಚಿತ್ವದ ಕೆಲಸ. ಉಳಿದ ಸಮಯದಲ್ಲಿ ಸೊಳ್ಳೆ.

ಇಲ್ಲಿ ಅವರು ಎರಡು ತಪ್ಪು ದಾರಿಗಳಲ್ಲಿ ನಡೆದರು. ಮೊದಲನೆಯದು ಗುರುವಿನ ಊಹೆಯಿಂದ ಬಂದದ್ದು. ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ಮಲೇರಿಯಾ ಬರುತ್ತದೆ ಎಂದು ಮ್ಯಾನ್ಸನ್ ಭಾವಿಸಿದ್ದರು. ರಾಸ್ ಹಣ ಕೊಟ್ಟು ಕೆಲವರಿಗೆ ಅಂಥ ನೀರು ಕುಡಿಸಿ ನೋಡಿದರು. ಒಬ್ಬಿಬ್ಬರನ್ನು ಬಿಟ್ಟರೆ ಯಾರಿಗೂ ಜ್ವರ ಬರಲಿಲ್ಲ. ಇದನ್ನು ಓದುವಾಗ ನನಗೆ ಕಸಿವಿಸಿಯಾಯಿತು. ದುಡ್ಡಿನ ಅಗತ್ಯವಿದ್ದ ಬಡವರು ಮಾತ್ರ ಇಂಥ ನೀರು ಕುಡಿಯಲು ಒಪ್ಪಿರುತ್ತಾರೆ. ಇವತ್ತು ಹೀಗೆ ಮಾಡಲು ಯಾವ ನಿಯಮವೂ ಬಿಡುವುದಿಲ್ಲ.

ನೀರಿನ ದಾರಿ ಸುಳ್ಳಾದಾಗ ಕಚ್ಚುವುದರಿಂದಲೇ ರೋಗ ಬರಬಹುದು ಎಂಬ ಯೋಚನೆ ಬಲವಾಯಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರೊಬ್ಬರು ತಾವೇ ಮುಂದೆ ಬಂದು, ಮಲೇರಿಯಾ ರೋಗಿಯನ್ನು ಕಚ್ಚಿದ ಸೊಳ್ಳೆಗಳಿಂದ ತಮ್ಮನ್ನು ಕಚ್ಚಿಸಿಕೊಂಡರು. ರಾಸ್ ಅವರ ಹೆಸರನ್ನು ಇಂಗ್ಲಿಷಿನಲ್ಲಿ ಅಪ್ಪಿಯಾ ಎಂದು ಬರೆದಿದ್ದಾರೆ. ನಮ್ಮ ಕಡೆಯ ಅಪ್ಪಯ್ಯ ಇರಬೇಕು ಎಂದು ನನ್ನ ಎಣಿಕೆ. ಅವರಿಗೆ ಜ್ವರ ಬರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಅದೇ ರಾಸ್ ಅವರ ಎರಡನೆಯ ತಪ್ಪು: ಅವರು ಬಳಸುತ್ತಿದ್ದ ಸೊಳ್ಳೆಯ ಜಾತಿಯೇ ಬೇರೆ.

ನಮ್ಮ ಕಣ್ಣಿಗೆ ಎಲ್ಲ ಸೊಳ್ಳೆಯೂ ಒಂದೇ. ಮನೆಯಲ್ಲಿ ನಾವು ಮಚ್ಛರ್ ಎನ್ನುತ್ತೇವೆ, ಅಷ್ಟೇ. ಆದರೆ ಚರಂಡಿಯ ಕೊಳೆ ನೀರಿನಲ್ಲಿ ಬೆಳೆಯುವ ಬೂದು ಬಣ್ಣದ ಕ್ಯೂಲೆಕ್ಸ್ ಬೇರೆ, ಕಾಲಿನ ಮೇಲೆ ಬಿಳಿ ಪಟ್ಟೆಯಿರುವ ಈಡಿಸ್ ಬೇರೆ, ರೆಕ್ಕೆಯ ಮೇಲೆ ಚುಕ್ಕೆಯಿರುವ ಅನಾಫಿಲಿಸ್ ಬೇರೆ. ಮನುಷ್ಯರ ಮಲೇರಿಯಾ ಹರಡುವುದು ಅನಾಫಿಲಿಸ್ ಮಾತ್ರ. ಅದರಲ್ಲೂ ಹೆಣ್ಣು ಮಾತ್ರ, ಏಕೆಂದರೆ ಮೊಟ್ಟೆ ಬೆಳೆಸಲು ರಕ್ತ ಬೇಕಾಗಿರುವುದು ಅದಕ್ಕೇ. ಮನೆಯ ಸುತ್ತ ಸುಲಭವಾಗಿ ಸಿಗುತ್ತಿದ್ದ ಬೂದು ಸೊಳ್ಳೆ ಮತ್ತು ಪಟ್ಟೆ ಸೊಳ್ಳೆಗಳನ್ನು ರಾಸ್ ಎರಡು ವರ್ಷ ಸೀಳಿ ನೋಡಿದರು. ಅವುಗಳಲ್ಲಿ ಏನೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ.

ಹುಸೇನ್ ಖಾನ್ ಮತ್ತು ಆಗಸ್ಟ್ 20

1897ರ ಬೇಸಿಗೆಯಲ್ಲಿ ರಾಸ್ ರಜೆಯ ಮೇಲೆ ಊಟಿಗೆ ಹೋದರು. ಅದರ ಕೆಳಗಿನ ಸಿಗೂರ್ ಘಾಟಿಯಲ್ಲಿ ಮಲೇರಿಯಾ ಬಹಳ ಇತ್ತು. ಅದನ್ನು ನೋಡಲು ಹೋದವರಿಗೇ ಮಲೇರಿಯಾ ಹಿಡಿಯಿತು. ಆದರೆ ಅಲ್ಲಿ ಅವರು ಗೋಡೆಯ ಮೇಲೆ ಒಂದು ಹೊಸ ಬಗೆಯ ಸೊಳ್ಳೆ ಕಂಡರು. ಬೇರೆ ಸೊಳ್ಳೆಗಳ ಹಾಗೆ ಅದು ಗೋಡೆಗೆ ಸಮನಾಗಿ ಕೂತಿರಲಿಲ್ಲ, ಹಿಂಭಾಗ ಎತ್ತಿಕೊಂಡು ಓರೆಯಾಗಿ ಕೂತಿತ್ತು.

ಜೂನ್‌ನಲ್ಲಿ ಸಿಕಂದರಾಬಾದಿಗೆ ಮರಳಿದರು. ಸೆಕೆ ಹೇಳತೀರದು. ಪಂಕಾ ಬೀಸಿಸಿದರೆ ಸೀಳಿಟ್ಟ ಸೊಳ್ಳೆಗಳು ಹಾರಿಹೋಗುತ್ತಿದ್ದವು, ಹಾಗಾಗಿ ಗಾಳಿಯೂ ಇಲ್ಲ. ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಗಾಜು ಬಿರುಕು ಬಿಟ್ಟಿತ್ತು. ಆಗಸ್ಟ್ ಮಧ್ಯದಲ್ಲಿ ಅವರ ಸಹಾಯಕರು ತಂದ ಹುಳುಗಳಿಂದ ಚುಕ್ಕೆ ರೆಕ್ಕೆಯ ಕಂದು ಸೊಳ್ಳೆಗಳು ಹೊರಬಂದವು.

ಆಸ್ಪತ್ರೆಯಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಇದ್ದರು. ಆಗಸ್ಟ್ 16ರಂದು ಅವರನ್ನು ಸೊಳ್ಳೆಪರದೆಯ ಒಳಗೆ ಮಲಗಿಸಿ ಆ ಸೊಳ್ಳೆಗಳನ್ನು ಒಳಗೆ ಬಿಟ್ಟರು. ರಕ್ತ ಕುಡಿದ ಪ್ರತಿ ಸೊಳ್ಳೆಗೆ ಒಂದು ಆಣೆ ಕೂಲಿ. ಆಮೇಲೆ ದಿನಕ್ಕೆ ಕೆಲವು ಸೊಳ್ಳೆಗಳನ್ನು ಸೀಳುತ್ತಾ ಹೋದರು. ಕೆಲವು ಸತ್ತವು, ಕೆಲವು ಹಾಳಾದವು. ಆಗಸ್ಟ್ 20ರಂದು ಉಳಿದಿದ್ದು ಎರಡೇ ಎರಡು. ಆ ದಿನ ಒಂದನ್ನು ಸೀಳಿ ಜಠರದ ಗೋಡೆಯನ್ನು ಅಂಗುಲ ಅಂಗುಲವಾಗಿ ನೋಡಿದರು. ಅಲ್ಲಿ ದುಂಡಗಿನ ಕೆಲವು ಕೋಶಗಳು ಕಂಡವು. ಅವುಗಳ ಒಳಗೆ ಮಲೇರಿಯಾ ಜೀವಿಯಲ್ಲಿ ಮಾತ್ರ ಕಾಣುವಂಥ ಕಪ್ಪು ಕಣಗಳಿದ್ದವು. ಮರುದಿನ ಕೊನೆಯ ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ ಆ ಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿತ್ತು. ಅದೇ ನೆನಪಿಗೆ ಇಂದು ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನ ಎಂದು ಆಚರಿಸುತ್ತಾರೆ.

ಕಲ್ಕತ್ತಾ ಮತ್ತು ಮೊಹಮ್ಮದ್ ಬಕ್ಷ್

ಇಷ್ಟು ದೊಡ್ಡ ಸುಳಿವು ಸಿಕ್ಕಿದ ತಿಂಗಳಲ್ಲೇ ಸರ್ಕಾರ ಅವರನ್ನು ವರ್ಗ ಮಾಡಿ, ಮಲೇರಿಯಾ ರೋಗಿಗಳೇ ಅಪರೂಪವಾದ ರಾಜಪುತಾನದ ಖೇರ್ವಾಡಾಕ್ಕೆ ಕಳಿಸಿತು. ಮ್ಯಾನ್ಸನ್ ಲಂಡನ್ನಿನಲ್ಲಿ ಪ್ರಯತ್ನ ಮಾಡಿದ ಮೇಲೆ 1898ರ ಆರಂಭದಲ್ಲಿ ಕಲ್ಕತ್ತಾದಲ್ಲಿ ಒಂದು ಪ್ರಯೋಗಾಲಯ ಸಿಕ್ಕಿತು. ಅಲ್ಲಿ ಅವರಿಗೆ ಸಹಾಯಕ್ಕೆ ನಿಂತವರು ಮೊಹಮ್ಮದ್ ಬಕ್ಷ್. ಜೊತೆಗೆ ಸೇರಿದ ಇನ್ನೊಬ್ಬ ಮೊದಲ ಸಂಬಳ ಪಡೆದು ಹೊರಟುಹೋದ. ಮೊಹಮ್ಮದ್ ಬಕ್ಷ್ ಉಳಿದರು. ಸೊಳ್ಳೆ ಹುಡುಕುವುದು, ಹುಳು ಸಾಕುವುದು, ಹಕ್ಕಿ ನೋಡಿಕೊಳ್ಳುವುದು ಅವರ ಕೆಲಸವಾಯಿತು.

ಆಗ ಪ್ಲೇಗ್ ಕಾಲ. ಬೆರಳಿಗೆ ಸೂಜಿ ಚುಚ್ಚುತ್ತೇವೆ ಎಂದರೆ ಜನ ಹೆದರಿ ಓಡುತ್ತಿದ್ದರು. ಹಾಗಾಗಿ ರಾಸ್ ಹಕ್ಕಿಗಳ ಮಲೇರಿಯಾ ಕಡೆ ತಿರುಗಿದರು. ತಮಾಷೆ ಏನೆಂದರೆ, ಬೆಂಗಳೂರಿನಲ್ಲಿ ಅವರ ವರ್ಷಗಳನ್ನು ತಿಂದ ಆ ಬೂದು ಸೊಳ್ಳೆಯೇ ಹಕ್ಕಿಯ ಮಲೇರಿಯಾಕ್ಕೆ ವಾಹಕ. 1898ರ ಜುಲೈನಲ್ಲಿ ಪರಾವಲಂಬಿ ಜೀವಿ ಸೊಳ್ಳೆಯ ಜಠರದಿಂದ ಜೊಲ್ಲಿನ ಗ್ರಂಥಿಗೆ ಬರುವುದನ್ನು ಅವರು ಕಂಡರು. ಅಂಥ ಸೊಳ್ಳೆಗಳಿಂದ ಆರೋಗ್ಯವಂತ ಗುಬ್ಬಚ್ಚಿಗಳನ್ನು ಕಚ್ಚಿಸಿದಾಗ ಅವುಗಳಿಗೂ ಮಲೇರಿಯಾ ಬಂತು. ರೋಗಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಇನ್ನೊಬ್ಬರಿಗೆ ಹೋಗುವ ದಾರಿ ಪೂರ್ತಿ ಸಿಕ್ಕಿತು. ಅದೇ ವರ್ಷ ಇಟಲಿಯಲ್ಲಿ ಗ್ರಾಸ್ಸಿ ಮತ್ತು ಅವರ ಸಂಗಡಿಗರು ಮನುಷ್ಯರ ಮಲೇರಿಯಾಕ್ಕೆ ಅನಾಫಿಲಿಸ್ ಕಾರಣ ಎಂದು ಖಚಿತಪಡಿಸಿದರು.

ಪ್ರಶಸ್ತಿ, ಜಗಳ, ಲೆಕ್ಕ

1899ರಲ್ಲಿ ರಾಸ್ ಭಾರತ ಬಿಟ್ಟು ಲಿವರ್‌ಪೂಲ್‌ಗೆ ಹೋಗಿ ಅಧ್ಯಾಪಕರಾದರು. 1902ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು. ಬ್ರಿಟನ್ನಿಗೆ ಬಂದ ಮೊದಲ ನೊಬೆಲ್ ಅದು. 1911ರಲ್ಲಿ ಸರ್ ಪದವಿಯೂ ಸಿಕ್ಕಿತು. ಆದರೆ ಅವರ ಸ್ವಭಾವ ಸುಲಭದ್ದಾಗಿರಲಿಲ್ಲ. ಕಂಡುಹಿಡಿದ ಕೀರ್ತಿ ಯಾರದು ಎಂದು ಗ್ರಾಸ್ಸಿ ಜೊತೆ ಜೀವನವಿಡೀ ಜಗಳವಾಡಿದರು. ಕೈಹಿಡಿದು ನಡೆಸಿದ ಗುರು ಮ್ಯಾನ್ಸನ್ ಮೇಲೂ ಮುನಿಸಿಕೊಂಡರು. ದೊಡ್ಡ ಕೆಲಸ ಮಾಡಿದವರೆಲ್ಲ ದೊಡ್ಡ ಮನಸ್ಸಿನವರೂ ಆಗಿರುತ್ತಾರೆ ಎಂದು ಹೇಳಲಾಗದು.

ಕಾಮರ್ಸ್ ಓದುವ ನನಗೆ ಹೆಚ್ಚು ಇಷ್ಟವಾದದ್ದು ಅವರ ಮುಂದಿನ ಕೆಲಸ. ಚಿಕ್ಕಂದಿನ ಗಣಿತದ ಪ್ರೀತಿ ಆಗ ಉಪಯೋಗಕ್ಕೆ ಬಂತು. ಒಂದೇ ಒಂದು ಸೊಳ್ಳೆ ಉಳಿದರೂ ಮಲೇರಿಯಾ ಹೋಗುವುದಿಲ್ಲ, ಹಾಗಾಗಿ ಈ ಕೆಲಸ ವ್ಯರ್ಥ ಎಂದು ಹಲವರು ವಾದಿಸುತ್ತಿದ್ದರು. ರಾಸ್ ಲೆಕ್ಕ ಹಾಕಿ ತೋರಿಸಿದರು. ಒಬ್ಬ ರೋಗಿಯಿಂದ ಹೊಸದಾಗಿ ಒಬ್ಬರಿಗಿಂತ ಕಡಿಮೆ ಜನಕ್ಕೆ ರೋಗ ತಗಲುವ ಹಾಗೆ ಸೊಳ್ಳೆಗಳನ್ನು ಇಳಿಸಿದರೆ ಸಾಕು, ರೋಗ ತಾನಾಗಿ ಕರಗುತ್ತದೆ. ಹೊಸ ರೋಗಿಗಳು ಜಮಾ, ಗುಣವಾದವರು ಖರ್ಚು ಎಂದುಕೊಳ್ಳಿ. ಖರ್ಚು ಜಮೆಗಿಂತ ಹೆಚ್ಚಾದರೆ ಬಾಕಿ ದಿನದಿನಕ್ಕೆ ಇಳಿಯುತ್ತದೆ. ಕೊರೋನಾ ಕಾಲದಲ್ಲಿ ಟಿವಿಯಲ್ಲಿ ದಿನವೂ ಕೇಳಿದ ಲೆಕ್ಕದ ಬೇರು ಇಲ್ಲೇ ಇದೆ.

1914ರ ಯುದ್ಧದಲ್ಲಿ ಅವರ ಮಗ ತೀರಿಕೊಂಡ. ತಮ್ಮ ಹೆಸರಿನಲ್ಲೇ 1926ರಲ್ಲಿ ಆರಂಭವಾದ ಲಂಡನ್ನಿನ ಸಂಸ್ಥೆಯಲ್ಲಿ 1932ರ ಸೆಪ್ಟೆಂಬರ್ 16ರಂದು ರಾಸ್ ಕೊನೆಯುಸಿರೆಳೆದರು.

ಮೈಸೂರಿನ ಹೆಸರಿನ ಸೊಳ್ಳೆ

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಿಕಂದರಾಬಾದಿನ ಆ ಚುಕ್ಕೆ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಜಾತಿಯದು ಎಂದು ಹಲವು ಕೀಟತಜ್ಞರು ಹೇಳುತ್ತಾರೆ. ರಾಸ್ ಸತ್ತ ಐದು ವರ್ಷಕ್ಕೆ, 1937ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಮಲೇರಿಯಾ ಕೆಲಸ ಮಾಡುತ್ತಿದ್ದ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು ಈ ಒಂದೇ ಜಾತಿಯಲ್ಲೂ ಒಳಪಂಗಡಗಳಿವೆ ಎಂದು ಕಂಡುಹಿಡಿದರು. ಈ ಸೊಳ್ಳೆಯ ಮೊಟ್ಟೆಗೆ ನೀರಿನ ಮೇಲೆ ತೇಲಲು ಎರಡೂ ಪಕ್ಕ ಗಾಳಿಯ ಚೀಲಗಳಿರುತ್ತವೆ. ಅದರ ಮೇಲಿನ ಏಣುಗಳನ್ನು ಅವರು ಎಣಿಸಿದರು. ಏಣು ಹೆಚ್ಚಿರುವುದು ಪೇಟೆಯ ಸೊಳ್ಳೆ, ಮನುಷ್ಯರಿಗೆ ಅಪಾಯಕಾರಿ. ಏಣು ಕಡಿಮೆ ಇರುವುದು ಹಳ್ಳಿಯದು, ಹೆಚ್ಚಾಗಿ ದನಗಳನ್ನು ಕಚ್ಚುವುದು. ಹಳ್ಳಿಯ ಪಂಗಡಕ್ಕೆ ಮೈಸೂರೆನ್ಸಿಸ್ ಎಂದು ಹೆಸರಾಯಿತು. ನಮ್ಮ ಜಿಲ್ಲೆಯ ಹೆಸರು ಒಂದು ಸೊಳ್ಳೆಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ!

ಅಂದು ಮೊಟ್ಟೆಯ ಏಣು ಎಣಿಸಿದ ಕೆಲಸವನ್ನು ಇಂದು ವಂಶವಾಹಿಗಳನ್ನು ಓದಿ ಮಾಡುತ್ತಾರೆ. ಸ್ಟೀಫೆನ್ಸಿಯ ಜೀನೋಮ್ 2014ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಪ್ರಯೋಗಾಲಯಗಳೂ ಆ ಕೆಲಸವನ್ನು ಮುಂದುವರಿಸಿವೆ. ಇದರ ಅಗತ್ಯ ಏಕೆಂದರೆ, ಈ ಸೊಳ್ಳೆ ಈಗ ಪ್ರವಾಸ ಹೊರಟಿದೆ. 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ, ಆಮೇಲೆ ಸುಡಾನ್, ನೈಜೀರಿಯಾ, ಕೀನ್ಯಾಗಳಲ್ಲಿ ಅದು ಸಿಕ್ಕಿತು. ಇಥಿಯೋಪಿಯಾದ ಸೊಳ್ಳೆಗಳ ವಂಶವಾಹಿ ನೋಡಿದಾಗ ಅವು ದಕ್ಷಿಣ ಏಷ್ಯಾದ ಸೊಳ್ಳೆಗಳಿಗೆ ಹತ್ತಿರದ ನಂಟರು ಎಂದು ತಿಳಿಯಿತು. ಆಫ್ರಿಕಾದ ಹಳೆಯ ಮಲೇರಿಯಾ ಸೊಳ್ಳೆಗಳು ಹೆಚ್ಚಾಗಿ ಹಳ್ಳಿಯವು. ಇದೋ ಪೇಟೆಯ ಟ್ಯಾಂಕು, ಡ್ರಮ್ಮು, ಬಾವಿಯಲ್ಲಿ ಬೆಳೆಯುತ್ತದೆ. ಹಾಗಾಗಿ ಅಲ್ಲಿನ ದೊಡ್ಡ ನಗರಗಳಿಗೂ ಮಲೇರಿಯಾದ ಭಯ ಬಂದಿದೆ. ಇದಕ್ಕೆ ಉಲ್ಟಾ ದಿಕ್ಕಿನಲ್ಲಿ, ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಆಫ್ರಿಕಾದಲ್ಲಿ ಹುಟ್ಟಿ ಹಡಗುಗಳ ಮೂಲಕ ಜಗತ್ತು ಸುತ್ತಿ ನಮ್ಮ ಊರಿಗೆ ಬಂದಿದೆ.

ಕೊನೆಯ ಲೆಕ್ಕ

ಹುಲ್ಲಹಳ್ಳಿಯಲ್ಲಿ ಕಪಿಲೆ ಇದೆ, ನಾಲೆ ಇದೆ, ಭತ್ತದ ಗದ್ದೆಗಳಿವೆ. ನೀರಿಲ್ಲದೆ ನಮ್ಮ ಬದುಕಿಲ್ಲ. ನದಿಯನ್ನು ಬಗ್ಗಿಸಲು ಆಗುವುದಿಲ್ಲ, ಆದರೆ ಡ್ರಮ್ಮನ್ನು ಬಗ್ಗಿಸಬಹುದು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ತೊಳೆದು, ಒಣಗಿಸಿ, ಮುಚ್ಚಿಟ್ಟರೆ ಆ ಹುಳುಗಳಿಗೆ ರೆಕ್ಕೆ ಬರುವುದಿಲ್ಲ. 1883ರಲ್ಲಿ ರಾಸ್ ಮಾಡಿದ್ದಕ್ಕಿಂತ ಇದು ಹೆಚ್ಚೇನೂ ಅಲ್ಲ.

ಇನ್ನೊಂದು ಮಾತು. ರಾಸ್ ಅವರಿಗೆ ನೊಬೆಲ್ ಬಂತು, ಅದು ಅವರ ದುಡಿಮೆಗೆ ಸಲ್ಲಬೇಕಾದದ್ದೇ. ಆದರೆ ಖಾತೆಯ ಇನ್ನೊಂದು ಪುಟವನ್ನೂ ಬರೆಯಬೇಕು. ಹುಸೇನ್ ಖಾನ್ ಜ್ವರದಲ್ಲಿ ಮಲಗಿ ತನ್ನ ರಕ್ತ ಕೊಟ್ಟರು, ಸಿಕ್ಕಿದ್ದು ಸೊಳ್ಳೆಗೊಂದು ಆಣೆ. ಅಪ್ಪಯ್ಯ ಜೀವದ ಭಯ ಬಿಟ್ಟು ಕೈ ಚಾಚಿದರು. ಮೊಹಮ್ಮದ್ ಬಕ್ಷ್ ಬಿಟ್ಟುಹೋಗದೆ ದುಡಿದರು. ಅವರ ಹೆಸರು ನಮಗೆ ತಿಳಿದಿರುವುದು ರಾಸ್ ಬರೆದಿಟ್ಟದ್ದರಿಂದ. ಅದಕ್ಕೆ ರಾಸ್ ಅವರನ್ನು ಮೆಚ್ಚಬೇಕು. ಆದರೆ ಹುಸೇನ್ ಖಾನ್ ಆಮೇಲೆ ಗುಣವಾದರೇ, ಮನೆಗೆ ಹೋದರೇ ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮುಂದಿನ ಸಲ ಆಶಾ ಅಕ್ಕ ಬಂದಾಗ ನಾನು ಸಿಟ್ಟು ಮಾಡಿಕೊಳ್ಳುವುದಿಲ್ಲ. ಒಂದು ಲೋಟ ಚಹಾ ಕೊಟ್ಟು, ಡ್ರಮ್ಮಿನ ಇನ್ನೊಂದು ಬದಿಯನ್ನು ನಾನೇ ಹಿಡಿಯುತ್ತೇನೆ.